ಬಂದ ದುಡ್ಡು, ಉಳಿದ ಗುಡ್ಡ

ಬೆಳಿಗ್ಗೆ ಮಾರಿಕುಪ್ಪಂನಿಂದ ಹೊರಡುವ ಗಾಡಿ ಬಂಗಾರಪೇಟೆಗೆ ಬರುವಷ್ಟರಲ್ಲೇ ತುಂಬಿರುತ್ತೆ. ಚಾಂಪಿಯನ್, ಊರಿಗಾಂ, ಕೋರಮಂಡಲ್ ಅಂತ ಆ ಕಡೆಯ ಸ್ಟೇಷನ್ನುಗಳಿಗೆಲ್ಲ ಗಣಿಗಳ ಹೆಸರೇ. ಗಣಿ ಮುಚ್ಚಿದೆ, ಹೆಸರು ಮಾತ್ರ ರೈಲ್ವೆ ಟೈಮ್ ಟೇಬಲ್ಲಿನಲ್ಲಿ ಉಳಿದಿದೆ. ನಮ್ಮಂಥ ಸಾಫ್ಟ್‌ವೇರಿನವರು ವೈಟ್‌ಫೀಲ್ಡಿನಲ್ಲಿ ಇಳೀತೀವಿ. ಸೆಕ್ಯುರಿಟಿ ಕೆಲಸದವರು, ಹೌಸ್‌ಕೀಪಿಂಗ್ ಹೆಂಗಸರು, ಐಟಿಐ ಹುಡುಗರು ಇನ್ನೂ ಮುಂದಕ್ಕೆ ಹೋಗ್ತಾರೆ. ಸೀಟು ಸಿಕ್ಕ ದಿನ ಪುಸ್ತಕ, ಸಿಗದ ದಿನ ಮೊಬೈಲು. ಇದು ನನ್ನ ಲೆಕ್ಕ.

ಸೀಟು ಸಿಕ್ಕ ಕೆಲವು ದಿನಗಳಲ್ಲಿ ನಾನು ಓದಿದ್ದು ಜೋಶ್ ಲರ್ನರ್ ಅವರ 'ಬುಲೆವಾರ್ಡ್ ಆಫ್ ಬ್ರೋಕನ್ ಡ್ರೀಮ್ಸ್'. ಲರ್ನರ್ ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ಪ್ರೊಫೆಸರು, ಪುಸ್ತಕ 2009ರದ್ದು. ಒಂದು ದೇಶದಲ್ಲಿ ವೆಂಚರ್ ಕ್ಯಾಪಿಟಲ್ ಬೆಳೀಬೇಕು ಅಂದ್ರೆ ಸರ್ಕಾರ ಏನು ಮಾಡಬೇಕು, ಏನು ಮಾಡಬಾರದು ಅನ್ನೋದು ಅದರ ವಿಷಯ. ಒಂದು ದಿನ ಪಕ್ಕದಲ್ಲಿ ಕೂತಿದ್ದ ಯಜಮಾನರು ಮುಖಪುಟ ನೋಡಿ "ಏನು ಪುಸ್ತಕ ಸಾರ್?" ಅಂದ್ರು. ಎಪ್ಪತ್ತರ ಆಸುಪಾಸು. ಗಣಿಯಲ್ಲಿ ಕೆಲಸ ಮಾಡಿದವರು, ಆಸ್ಪತ್ರೆಗೆ ಅಂತ ಬೆಂಗಳೂರಿಗೆ ಹೊರಟಿದ್ದರು. "ಹೊಸ ಕಂಪನಿಗೆ ದುಡ್ಡು ಹಾಕೋರು ಇರ್ತಾರಲ್ಲ, ಅವರನ್ನ ಸರ್ಕಾರ ಹೆಂಗೆ ಕರ್ಕೊಂಡು ಬರಬೇಕು ಅಂತ ಬರ್ದಿದ್ದಾರೆ" ಅಂದೆ. ಅವರು ನಕ್ಕರು. "ನಮ್ಮೂರಿಗೆ ಬಂದಿದ್ರಲ್ಲ ಸಾರ್. ಹಾಕಿದ್ರು, ತಗೊಂಡ್ರು, ಹೋದ್ರು."

ಈ ಲೇಖನ ಆ ಪುಸ್ತಕದ ಬಗ್ಗೆ, ಮತ್ತೆ ಅದನ್ನ ಪಕ್ಕದಲ್ಲಿಟ್ಟುಕೊಂಡು ನೋಡಿದರೆ ನಮ್ಮ ಸರ್ಕಾರಗಳ ಸ್ಟಾರ್ಟಪ್ ನೀತಿ ಹೇಗೆ ಕಾಣುತ್ತೆ ಅನ್ನೋದರ ಬಗ್ಗೆ. ಆದರೆ ಆ ಯಜಮಾನರ ಮೂರು ಮಾತು ತಲೆಯಿಂದ ಹೋಗ್ತಿಲ್ಲವಾದ್ದರಿಂದ, ಕೆಜಿಎಫ್ ಮಧ್ಯೆ ಮಧ್ಯೆ ಬರುತ್ತೆ. ನಿಜ ಹೇಳಬೇಕಂದ್ರೆ, ನಡುವೆ ಬರೋದು ಪುಸ್ತಕವೇ.

ಮೊದಲು ವೆಂಚರ್ ಕ್ಯಾಪಿಟಲ್ ಅಂದ್ರೆ ಏನು ಅಂತ ಹೇಳಿಬಿಡ್ತೀನಿ. ಪತ್ರಿಕೆಗಳಲ್ಲಿ 'ಸಾಹಸ ಬಂಡವಾಳ' ಅಂತ ಬರೀತಾರೆ. ಕೋಲಾರ ಜಿಲ್ಲೆಯವರಿಗೆ ಇದನ್ನ ಅರ್ಥ ಮಾಡಿಸೋದು ಸುಲಭ. ಅದು ಬೋರ್‌ವೆಲ್ ಕೊರೆಸೋ ವ್ಯವಹಾರ. ಸಾವಿರದ ಇನ್ನೂರು ಅಡಿ ಹೋದ ಮೇಲೂ ನೀರು ಸಿಗುತ್ತೆ ಅಂತ ಯಾರೂ ಹೇಳಲಾರರು. ಬ್ಯಾಂಕಿನವರು ಅಡವಿಡೋಕೆ ಏನಿದೆ ಅಂತ ಕೇಳ್ತಾರೆ. ಭೂಮಿಯೊಳಗೆ ಇದ್ದರೂ ಇರಬಹುದಾದ ನೀರನ್ನ ಅಡವಿಡೋಕಾಗುತ್ತಾ? ಹಾಗಾಗಿ ನಮ್ಮ ರೈತ ಒಡವೆ ಅಡವಿಟ್ಟು ಕೊರೆಸ್ತಾನೆ. ಎರಡು ಬೋರು ಫೇಲಾದ್ರೆ ಮೂರನೆಯದಕ್ಕೆ ಜಮೀನೇ ಹೋಗುತ್ತೆ. ವೆಂಚರ್ ಕ್ಯಾಪಿಟಲ್ ಮಾಡೋದು ಇಷ್ಟೇ. ಹತ್ತು ಜನರ ಹತ್ತು ಬೋರಿಗೆ ಒಬ್ಬನೇ ದುಡ್ಡು ಹಾಕ್ತಾನೆ. ಏಳು ಒಣಗಿ ಹೋಗಲಿ, ಎರಡು ಅಸಲಾದರೂ ಕೊಡಲಿ, ಒಂದರಲ್ಲಿ ನೀರು ಚಿಮ್ಮಿದರೆ ಎಲ್ಲ ನಷ್ಟವೂ ತುಂಬಿ ಲಾಭ ಉಳಿಯುತ್ತೆ. ಇದು ಸಾಲ ಅಲ್ಲ, ಪಾಲು. ಬೋರು ಫೇಲಾದ ರೈತನ ಮನೆಗೆ ಯಾರೂ ವಸೂಲಿಗೆ ಹೋಗಲ್ಲ. ಒಬ್ಬೊಬ್ಬರನ್ನ ಮುಳುಗಿಸೋ ನಷ್ಟವನ್ನ ಹತ್ತು ಜನಕ್ಕೆ ಹಂಚೋ ವ್ಯವಸ್ಥೆ ಇದು. ಒಳ್ಳೆಯ ವ್ಯವಸ್ಥೆಯೇ. ಇದರ ಮೇಲೆ ನನಗೆ ತಾತ್ವಿಕ ಜಗಳ ಏನೂ ಇಲ್ಲ.

ಇದರಲ್ಲಿ ಸರ್ಕಾರಕ್ಕೇನು ಕೆಲಸ? ಲರ್ನರ್ ಉತ್ತರ ಸರಳ. ಮೊದಲ ಹತ್ತು ಬೋರು ಕೊರೆಸೋಕೆ ಯಾರೂ ಮುಂದೆ ಬರಲ್ಲ. ಅನುಭವ ಇರೋ ಪಾಯಿಂಟ್ ನೋಡೋರು, ವಕೀಲರು, ಲೆಕ್ಕದವರು, ಸೋತು ಮತ್ತೆ ಎದ್ದವರು ಇವರೆಲ್ಲ ಒಂದು ಕಡೆ ಸೇರಿದ ಮೇಲೆ ಕೆಲಸ ತಾನಾಗೇ ಓಡುತ್ತೆ. ಸೇರೋವರೆಗೆ ಯಾರಾದ್ರೂ ತಳ್ಳಬೇಕು. ಅಮೆರಿಕದ ಸಿಲಿಕಾನ್ ವ್ಯಾಲಿಯ ಹಿಂದೆಯೂ ರಕ್ಷಣಾ ಇಲಾಖೆಯ ಆರ್ಡರುಗಳಿದ್ದವು, 1958ರಲ್ಲಿ ಸಣ್ಣ ಉದ್ದಿಮೆಗಳಲ್ಲಿ ಹೂಡೋ ಕಂಪನಿಗಳಿಗೆ ಸರ್ಕಾರವೇ ಬೆಂಬಲ ಕೊಡೋ ಕಾನೂನು ಬಂತು ಅನ್ನೋದನ್ನ ಅವರು ಮುಚ್ಚಿಡಲ್ಲ. ಆದರೆ ತಳ್ಳೋಕೆ ಹೋದ ಸರ್ಕಾರಗಳಲ್ಲಿ ಹೆಚ್ಚಿನವು ಎಡವಿದವು. ಕೆಲವು ಕಡೆ ಅಧಿಕಾರಿಗಳಿಗೆ ವ್ಯವಹಾರ ಗೊತ್ತಿರಲಿಲ್ಲ. ಇನ್ನು ಕೆಲವು ಕಡೆ ಪ್ರಭಾವಿಗಳು ದುಡ್ಡನ್ನ ತಮ್ಮ ಕಡೆ ತಿರುಗಿಸಿಕೊಂಡರು. ಕೆನಡಾದಲ್ಲಿ ಕಾರ್ಮಿಕ ಸಂಘಗಳ ಹೆಸರಿನ ಫಂಡುಗಳಿಗೆ ಭಾರಿ ತೆರಿಗೆ ರಿಯಾಯಿತಿ ಕೊಟ್ಟರು. ಅನುಭವವಿಲ್ಲದ ಫಂಡುಗಳು ಹುಟ್ಟಿಕೊಂಡು ಅನುಭವ ಇದ್ದವರನ್ನೇ ಹೊರದಬ್ಬಿದವು.

ಪುಸ್ತಕದಲ್ಲಿ ನನಗೆ ತುಂಬ ಹಿಡಿಸಿದ್ದು ಇಸ್ರೇಲಿನ ಎರಡು ಪ್ರಯತ್ನಗಳ ಕಥೆ. 1992ರಲ್ಲಿ 'ಇನ್‌ಬಾಲ್' ಅಂತ ಒಂದು ಯೋಜನೆ ಬಂತು. ಷೇರುಪೇಟೆಗೆ ಬರೋ ಫಂಡುಗಳಿಗೆ ಶೇ. 70ರವರೆಗೆ ನಷ್ಟದ ಗ್ಯಾರಂಟಿ ಸರ್ಕಾರದ್ದು. ಅದು ನೆಲಕಚ್ಚಿತು. ಮರುವರ್ಷ, 1993ರಲ್ಲಿ, ಯಿಗಾಲ್ ಎರ್ಲಿಕ್ ಮುಂದಾಳತ್ವದಲ್ಲಿ 10 ಕೋಟಿ ಡಾಲರಿನ 'ಯೋಜ್ಮಾ' ಬಂತು. ಹತ್ತು ಫಂಡು. ಒಂದೊಂದಕ್ಕೂ ಸರ್ಕಾರದ ಪಾಲು ಶೇ. 40 ಮೀರಬಾರದು, ಜೊತೆಗೆ ಅನುಭವಿ ವಿದೇಶಿ ಹೂಡಿಕೆದಾರ ಇರಲೇಬೇಕು. ನಷ್ಟಕ್ಕೆ ಯಾವ ಗ್ಯಾರಂಟಿಯೂ ಇಲ್ಲ. ಬದಲಿಗೆ, ಐದು ವರ್ಷದೊಳಗೆ ಸರ್ಕಾರದ ಪಾಲನ್ನ ಹಾಕಿದ ದುಡ್ಡು ಮತ್ತು ಬಡ್ಡಿಯ ಲೆಕ್ಕದಲ್ಲಿ ಕೊಂಡುಕೊಳ್ಳೋ ಹಕ್ಕು. ಬಹುಪಾಲು ಫಂಡುಗಳು ಕೊಂಡವು. ಇಸ್ರೇಲಿನ ವೆಂಚರ್ ಕ್ಯಾಪಿಟಲ್ ಉದ್ಯಮ ಎದ್ದು ನಿಂತಿದ್ದು ಅಲ್ಲಿಂದ. ನಮ್ಮ ಕಡೆಯ ಭಾಷೆಯಲ್ಲಿ ಹೇಳೋದಾದ್ರೆ, ಬೋರು ಫೇಲಾದ್ರೆ ದುಡ್ಡು ವಾಪಸ್ ಕೊಡ್ತೀನಿ ಅಂದ್ರೆ ಯಾರೂ ಪಾಯಿಂಟ್ ಸರಿಯಾಗಿ ನೋಡಲ್ಲ. ನೀರು ಬಂದ್ರೆ ನನ್ನ ಪಾಲನ್ನೂ ನೀನೇ ತಗೋ ಅಂದ್ರೆ ರಾತ್ರಿಯೆಲ್ಲ ರಿಗ್ಗಿನ ಪಕ್ಕದಲ್ಲೇ ಕೂತಿರ್ತಾನೆ. ಒಂದೇ ದೇಶ, ಒಂದು ವರ್ಷದ ಅಂತರ. ಬದಲಾಗಿದ್ದು ಷರತ್ತು ಮಾತ್ರ. ನೀತಿ ಅಂದ್ರೆ ದುಡ್ಡಿನ ಮೊತ್ತ ಅಲ್ಲ, ಷರತ್ತಿನ ಬರವಣಿಗೆ ಅನ್ನೋದನ್ನ ಇಷ್ಟು ಚೆನ್ನಾಗಿ ಹೇಳಿದ ಇನ್ನೊಂದು ಪುಸ್ತಕವನ್ನ ನಾನು ಓದಿಲ್ಲ.

ಈಗ ಇದೇ ಅಳತೆಗೋಲು ಹಿಡ್ಕೊಂಡು ಕೆಜಿಎಫ್‌ಗೆ ಬರೋಣ. ಅಲ್ಲಿ ನಡೆದದ್ದು ಸಾಹಸ ಬಂಡವಾಳವೇ, ಹೆಸರು ಮಾತ್ರ ಬೇರೆ. ಮೈಕೆಲ್ ಲ್ಯಾವೆಲ್ ಅನ್ನೋ ಐರಿಷ್ ನಿವೃತ್ತ ಸಿಪಾಯಿ 1873ರಲ್ಲಿ ಮೈಸೂರು ಸರ್ಕಾರಕ್ಕೆ ಅರ್ಜಿ ಹಾಕಿ, 1875ರಲ್ಲಿ ಪರವಾನಗಿ ಪಡೆದ. ಐಡಿಯಾ ಇತ್ತು, ದುಡ್ಡಿರಲಿಲ್ಲ. ಕೆಲವೇ ವರ್ಷಗಳಲ್ಲಿ ಹಕ್ಕನ್ನ ಬೇರೆಯವರಿಗೆ ಬಿಟ್ಟುಕೊಟ್ಟ. ಸ್ಟಾರ್ಟಪ್ ಜಗತ್ತಿನಲ್ಲಿ ಇಂಥ ಫೌಂಡರುಗಳನ್ನ ನಾನು ಎಷ್ಟೋ ಜನ ನೋಡಿದ್ದೀನಿ. 1880ರಲ್ಲಿ ಲಂಡನ್ನಿನಲ್ಲಿ ಮೈಸೂರು ಗೋಲ್ಡ್ ಮೈನಿಂಗ್ ಕಂಪನಿ ಹುಟ್ಟಿತು, ಜಾನ್ ಟೇಲರ್ ಅಂಡ್ ಸನ್ಸ್ ಅದರ ಉಸ್ತುವಾರಿ ವಹಿಸಿಕೊಂಡಿತು. ಅದೇ ಹೊತ್ತಿನಲ್ಲಿ ವಯನಾಡಿನಲ್ಲೂ ಚಿನ್ನ ಇದೆ ಅಂತ ಹುಚ್ಚೆದ್ದು ಕಂಪನಿಗಳು ಹುಟ್ಟಿ, ಲಂಡನ್ನಿನ ಷೇರುದಾರರ ದುಡ್ಡು ಮಣ್ಣುಪಾಲಾಯಿತು. ಕೋಲಾರದಲ್ಲೂ ಹಾಗೇ ಆಗೋದರಲ್ಲಿತ್ತು. ಎರಡು ಮೂರು ವರ್ಷ ಅಗೆದರೂ ಹೇಳಿಕೊಳ್ಳುವಂಥದ್ದು ಸಿಗದೆ, ಬಂಡವಾಳ ತಳ ಕಂಡು, ಮುಚ್ಚಿಬಿಡೋಣ ಅನ್ನೋ ಮಾತು ಬಂತು. ಉಳಿದ ದುಡ್ಡಲ್ಲಿ ಕೊನೆಯ ಸಲ ನೋಡೋಣ ಅಂತ ಟೇಲರ್ ಒಪ್ಪಿಸಿದ್ದಕ್ಕೆ ಚಾಂಪಿಯನ್ ರೀಫ್ ಸಿಕ್ಕಿತು. ಮುಂದಿನ ನೂರಿಪ್ಪತ್ತು ವರ್ಷದಲ್ಲಿ ಆ ನೆಲದಿಂದ ಸುಮಾರು 800 ಟನ್ ಚಿನ್ನ ತೆಗೆದರು, ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದರು.

ಮೈಸೂರು ಸರ್ಕಾರ ಏನು ಮಾಡ್ತು? ಗಣಿಗೆ ದುಡ್ಡು ಹಾಕಲಿಲ್ಲ, ನಷ್ಟಕ್ಕೆ ಗ್ಯಾರಂಟಿ ಕೊಡಲಿಲ್ಲ. ತೆಗೆದ ಚಿನ್ನದ ಮೇಲೆ ಶೇ. 5 ರಾಜಧನ ಕೊಡಿ ಅಂತು. ಬೌರಿಂಗ್‌ಪೇಟೆಯಿಂದ, ಅಂದ್ರೆ ಇವತ್ತಿನ ಬಂಗಾರಪೇಟೆಯಿಂದ, ಮಾರಿಕುಪ್ಪಂವರೆಗೆ 1894ರಲ್ಲಿ ರೈಲು ಹಾಕಿತು. ನಾನು ದಿನಾ ಹತ್ತೋ ಗಾಡಿ ಬರೋದು ಆ ಹಳಿಯ ಮೇಲೇ. ಬೇತಮಂಗಲದ ಕೆರೆಯಿಂದ ನೀರು ಕೊಟ್ಟಿತು. ಎಲ್ಲಕ್ಕಿಂತ ದೊಡ್ಡದು ಶಿವನಸಮುದ್ರ. ಕಾವೇರಿ ಜಲಪಾತದಿಂದ ವಿದ್ಯುತ್ ತೆಗೆದು ಸುಮಾರು 148 ಕಿಲೋಮೀಟರ್ ತಂತಿ ಎಳೆದು 1902ರಲ್ಲಿ ಕೆಜಿಎಫ್‌ಗೆ ಮುಟ್ಟಿಸಿದರು. ಅಷ್ಟು ದೂರಕ್ಕೆ ವಿದ್ಯುತ್ ಸಾಗಿಸೋದು ಆವತ್ತಿಗೆ ಜಗತ್ತಿನಲ್ಲೇ ಅಪರೂಪ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ತೆಗೆದುಕೊಂಡ ಈ ರಿಸ್ಕು ಪೂರ್ತಿ ಸರ್ಕಾರದ್ದು. ಲರ್ನರ್ ಹೇಳೋ ಪಾಠವೂ ಇದೇ. ಊಟ ಬಡಿಸೋಕೆ ಮೊದಲು ಎಲೆ ಹಾಕು, ನೀರು ಚಿಮುಕಿಸು. ಎಲೆ ಹಾಕೋದು ಸರ್ಕಾರದ ಕೆಲಸ, ಯಾರು ಕೂರಬೇಕು ಅಂತ ಆರಿಸೋದಲ್ಲ. ಆ ಲೆಕ್ಕದಲ್ಲಿ ಹಳೆ ಮೈಸೂರಿಗೆ ನೂರಕ್ಕೆ ತೊಂಬತ್ತು ಕೊಡಬಹುದು.

ನಮ್ಮ ಕಾಲದ ಸರ್ಕಾರಗಳಿಗೆ ಎಷ್ಟು ಕೊಡೋದು? ಮೊದಲು ಒಳ್ಳೆಯದನ್ನ ಹೇಳ್ತೀನಿ. 1988ರಲ್ಲಿ ಕೇಂದ್ರ ಮೊದಲ ಸಲ ವೆಂಚರ್ ಕ್ಯಾಪಿಟಲ್ಲಿಗೆ ಮಾರ್ಗಸೂಚಿ ತಂತು. ಅದೇ ವರ್ಷ ಐಸಿಐಸಿಐ ಮತ್ತು ಯುಟಿಐ ಸೇರಿ ಬೆಂಗಳೂರಿನಲ್ಲಿ ಟಿಡಿಐಸಿಐ ಶುರು ಮಾಡಿದವು. ಕಂಪ್ಯೂಟರು ಅಂದ್ರೆ ಏನು ಅಂತ ಬ್ಯಾಂಕಿನವರಿಗೆ ಗೊತ್ತಿಲ್ಲದ ಕಾಲದಲ್ಲಿ ಅದು ಸಾಫ್ಟ್‌ವೇರ್ ಕಂಪನಿಗಳಿಗೆ ದುಡ್ಡು ಹಾಕಿತು. 1996ರಲ್ಲಿ ಸೆಬಿ ನಿಯಮ ಬಂತು. ಕೆ.ಬಿ. ಚಂದ್ರಶೇಖರ್ ಸಮಿತಿ 2000ದಲ್ಲಿ ಕೊಟ್ಟ ವರದಿಯಿಂದ ನಿಯಮಗಳು ಇನ್ನಷ್ಟು ಸಡಿಲವಾದವು. ಕರ್ನಾಟಕವೂ ಹಿಂದೆ ಬೀಳಲಿಲ್ಲ. 1999ರ ಹೊತ್ತಿಗೇ ಸಿಡ್ಬಿ ಮತ್ತು ರಾಜ್ಯದ ಹಣಕಾಸು ಸಂಸ್ಥೆಗಳು ಸೇರಿ ಐಟಿಗೆ ಅಂತಲೇ ಕಿಟ್‌ವೆನ್ ಫಂಡು ಮಾಡಿದವು. 2016ರಲ್ಲಿ ಕೇಂದ್ರ 10,000 ಕೋಟಿಯ 'ಫಂಡ್ ಆಫ್ ಫಂಡ್ಸ್' ಘೋಷಿಸಿತು. ಅದರ ಷರತ್ತು ಚೆನ್ನಾಗಿದೆ. ಸರ್ಕಾರ ನೇರವಾಗಿ ಯಾವ ಕಂಪನಿಗೂ ಹಾಕಲ್ಲ. ಸಿಡ್ಬಿ ಮೂಲಕ ಖಾಸಗಿ ಫಂಡುಗಳಿಗೆ ಹಾಕುತ್ತೆ, ಆ ಫಂಡುಗಳು ತಾವು ಪಡೆದದ್ದರ ಕನಿಷ್ಠ ಎರಡರಷ್ಟನ್ನ ಸ್ಟಾರ್ಟಪ್ಪುಗಳಿಗೆ ಹಾಕಬೇಕು. ಯೋಜ್ಮಾದಿಂದ ಪಾಠ ಕಲಿತಿದ್ದಾರೆ. 2025ರ ಬಜೆಟ್ಟಿನಲ್ಲಿ ಇನ್ನೂ 10,000 ಕೋಟಿ ಘೋಷಣೆಯಾಯಿತು.

ಇನ್ನು ಕೆಟ್ಟದ್ದು. 2012ರಲ್ಲಿ ತಂದ 'ಏಂಜೆಲ್ ಟ್ಯಾಕ್ಸ್' ನೆನಪಿಸಿಕೊಳ್ಳಿ. ಹೊಸ ಕಂಪನಿಯ ಷೇರಿಗೆ ನ್ಯಾಯವಾದ ಬೆಲೆ ಇಷ್ಟು ಅಂತ ಒಂದು ಲೆಕ್ಕ ಹಾಕಿ, ಅದಕ್ಕಿಂತ ಹೆಚ್ಚಿಗೆ ಯಾರಾದ್ರೂ ದುಡ್ಡು ಹಾಕಿದರೆ ಆ ಹೆಚ್ಚಿನದ್ದನ್ನ ಆದಾಯ ಅಂತ ಹಿಡಿದು ತೆರಿಗೆ. ಬೋರು ಕೊರೆಸೋಕೆ ಮೊದಲೇ ಎಷ್ಟು ಇಂಚು ನೀರು ಬರುತ್ತೆ ಬರೆದುಕೊಡು ಅಂದ ಹಾಗೆ. ಕಪ್ಪು ಹಣ ತಡೆಯೋದು ಉದ್ದೇಶ, ಸರಿ. ಆದರೆ ಒಂದು ಕೈಯಲ್ಲಿ ಫಂಡು, ಇನ್ನೊಂದು ಕೈಯಲ್ಲಿ ನೋಟಿಸು. ನಡುವೆ ವಿನಾಯಿತಿಗಳು ಬಂದವು, ವಿನಾಯಿತಿಗೆ ಅರ್ಜಿಗಳು ಬಂದವು, ಅರ್ಜಿ ತುಂಬಿಸೋಕೆ ಆಡಿಟರುಗಳು ಬಂದರು. ಇದನ್ನ ತೆಗೆದುಹಾಕಿದ್ದು 2024ರ ಬಜೆಟ್ಟಿನಲ್ಲಿ. ಹನ್ನೆರಡು ವರ್ಷ ಬೇಕಾಯಿತು.

ಅದಕ್ಕಿಂತ ದೊಡ್ಡ ದೂರು ನನ್ನದು ಬೇರೆ ಇದೆ. ಈ ಎಲ್ಲ ನೀತಿಗಳೂ ತಮ್ಮನ್ನ ತಾವು ಅಳೆದುಕೊಳ್ಳೋದು ಒಂದೇ ಅಂಕಿಯಿಂದ. ಎಷ್ಟು ಕೋಟಿ ಬಂತು, ಎಷ್ಟು ಸ್ಟಾರ್ಟಪ್ಪಿಗೆ ಮಾನ್ಯತೆ ಸಿಕ್ಕಿತು, ಎಷ್ಟು ಯುನಿಕಾರ್ನು. ಒಳಗೆ ಬಂದದ್ದರ ಲೆಕ್ಕ ಮಾತ್ರ. ಬಂದದ್ದು ಎಲ್ಲಿ ನಿಂತಿತು, ಯಾರು ಅವರ ಮಾಲು ಕೊಂಡರು, ಸೋತವನು ಎರಡನೇ ಸಲ ಎದ್ದನಾ ಅನ್ನೋ ಲೆಕ್ಕ ಆ ಜಾಹೀರಾತುಗಳಲ್ಲಿ ನನಗೆ ಕಂಡಿಲ್ಲ.

ಇಲ್ಲಿ ಒಂದು ಕಥೆ ಹೇಳಲೇಬೇಕು. ನನ್ನ ಜೊತೆ ಬಿಇ ಮಾಡಿದ ಗೆಳೆಯ ಒಬ್ಬ ಕೆಜಿಎಫ್‌ನವನು. ಅವರಪ್ಪ ಗಣಿಯಲ್ಲಿದ್ದವರು, 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿದಾಗ ಮನೆಗೆ ಬಂದವರು. ಇವನು ಬೆಂಗಳೂರಿನ ಕೆಲಸ ಬಿಟ್ಟು ಬಂಗಾರಪೇಟೆಯಲ್ಲಿ ಒಂದು ಸಣ್ಣ ಶೆಡ್ಡು ಹಿಡಿದು ಕಂಪನಿ ಮಾಡಿದ. ಹಳ್ಳಿಗಳ ಓವರ್‌ಹೆಡ್ ಟ್ಯಾಂಕು ತುಂಬಿದಾಗ ಬೋರಿನ ಮೋಟರು ತಾನೇ ನಿಲ್ಲೋದು, ಎಷ್ಟು ನೀರು ಹೋಯಿತು ಅಂತ ವಾಟರ್‌ಮ್ಯಾನ್ ಮೊಬೈಲಿಗೆ ಮೆಸೇಜು ಬರೋದು, ಮೋಟರು ಡ್ರೈ ರನ್ ಆಗಿ ಸುಟ್ಟು ಹೋಗದ ಹಾಗೆ ನೋಡಿಕೊಳ್ಳೋದು. ನಮ್ಮ ಜಿಲ್ಲೆಗೆ ಇದಕ್ಕಿಂತ ಬೇಕಾದ ಸಾಮಾನು ಇನ್ನೊಂದಿಲ್ಲ. ನಾನು ರಜಾ ದಿನ ಕೋಡ್ ಬರೆದುಕೊಟ್ಟೆ, ಎರಡು ಲಕ್ಷ ರೂಪಾಯಿಯನ್ನೂ ಹಾಕಿದೆ. ನಾನೂ ಒಬ್ಬ ಸಾಹಸ ಬಂಡವಾಳಿಗ ಅಂತ ತಮಾಷೆ ಮಾಡ್ತಿದ್ದೆವು. ಸಂಜೆ ಕೆಲಸ ಮುಗಿಸಿ ಪಾನಿಪುರಿ ತಿಂತಾ ಲೆಕ್ಕ ಹಾಕ್ತಿದ್ದದ್ದು ಇನ್ನೂ ನೆನಪಿದೆ.

ದುಡ್ಡು ಅವನಿಗೆ ಸಮಸ್ಯೆಯೇ ಆಗಲಿಲ್ಲ ಅಂದ್ರೆ ನಂಬಬೇಕು. ಒಂದು ಸಹಾಯಧನ ಸಿಕ್ಕಿತು. ಒಬ್ಬ ಹೂಡಿಕೆದಾರ ಮುಂದೆ ಬಂದ, ಆದರೆ ಆಫೀಸು ಬೆಂಗಳೂರಿಗೆ ಶಿಫ್ಟ್ ಮಾಡಿ ಅಂದ. ಗೆಳೆಯ ಒಪ್ಪಲಿಲ್ಲ. ಟ್ಯಾಂಕುಗಳು ಇರೋದು ಇಲ್ಲಿ, ಅಲ್ಲಿ ಹೋಗಿ ಏನು ಮಾಡ್ಲಿ ಅಂದ. ಕಂಪನಿಯನ್ನ ಮುಳುಗಿಸಿದ್ದು ಬಿಲ್ಲು. ಒಂದು ಸ್ಥಳೀಯ ಸಂಸ್ಥೆ ನಲವತ್ತು ಯೂನಿಟ್ ಹಾಕಿಸಿಕೊಂಡಿತು. ಕೆಲಸ ಚೆನ್ನಾಗಿದೆ ಅಂತ ಶಾಲು ಹೊದಿಸಿ ಫೋಟೋ ತೆಗೆಸಿಕೊಂಡರು. ಬಿಲ್ಲು ಹನ್ನೊಂದು ತಿಂಗಳು ಟೇಬಲ್ಲಿನಿಂದ ಟೇಬಲ್ಲಿಗೆ ಓಡಾಡಿತು. ಸಾಹೇಬರು ಟ್ರಾನ್ಸ್‌ಫರ್ ಆದರು. ಹೊಸಬರು ಹಳೇ ಫೈಲು ಮುಟ್ಟಲಿಲ್ಲ. ಅಷ್ಟರಲ್ಲಿ ಇಬ್ಬರು ಹುಡುಗರಿಗೆ ಸಂಬಳ ಕೊಡೋಕಾಗದೆ ಶೆಡ್ಡು ಖಾಲಿ ಮಾಡಿದ. "ದುಡ್ಡು ಹಾಕೋರು ಸಿಕ್ಕಿದ್ರು ಮಗಾ, ದುಡ್ಡು ಕೊಟ್ಟು ಕೊಳ್ಳೋರು ಸಿಗಲಿಲ್ಲ" ಅಂದ.

ಲರ್ನರ್ ಪುಸ್ತಕವನ್ನ ಈ ಕಥೆಯ ಪಕ್ಕ ಇಟ್ಟಾಗ ನನಗೆ ಮುಜುಗರ ಆಯಿತು. ಯಾಕಂದ್ರೆ ಅವರ ವಾದದ ಪ್ರಕಾರ ಬಂಗಾರಪೇಟೆಗೆ ಒಂದು ರೂಪಾಯಿಯೂ ಬರಬಾರದು. ರಾಜಕಾರಣಿಗಳು ಎಲ್ಲ ಜಿಲ್ಲೆಗೂ ಸಮನಾಗಿ ಹಂಚೋಕೆ ಹೋಗೋದೇ ಇಂಥ ಯೋಜನೆಗಳು ಹಾಳಾಗೋಕೆ ಒಂದು ಕಾರಣ ಅಂತ ಅವರು ಕಟುವಾಗಿ ಹೇಳ್ತಾರೆ. ಅನುಭವ ಇರೋರು, ಕಾಲೇಜು, ವಕೀಲರು, ಗಿರಾಕಿಗಳು ಎಲ್ಲ ಒಂದೆಡೆ ಇರೋ ಜಾಗದಲ್ಲೇ ಬೀಜ ಹುಟ್ಟೋದು. ಬೇರೆ ಕಡೆ ಚೆಲ್ಲಿದರೆ ಹಕ್ಕಿ ತಿಂತವೆ. ನನಗೆ ಇದು ಇಷ್ಟವಾಗಲಿಲ್ಲ, ಆದರೆ ತಪ್ಪು ಅಂತ ತೋರಿಸೋಕೂ ಆಗಲಿಲ್ಲ. ನಾಳೆ ಕೋಲಾರ ಜಿಲ್ಲಾ ವೆಂಚರ್ ಫಂಡ್ ಅಂತ ಒಂದು ಬೋರ್ಡು ಬಿದ್ದರೆ ಅದರ ದುಡ್ಡು ಯಾರ ಭಾವಮೈದುನನ ಕಂಪನಿಗೆ ಹೋಗುತ್ತೆ ಅಂತ ನಮ್ಮೂರಿನ ಟೀ ಅಂಗಡಿಯಲ್ಲಿ ಕೂತವರೂ ಹೇಳ್ತಾರೆ. ಹಾಗಾಗಿ ಒಪ್ಪಿಕೊಳ್ತೀನಿ. ಬಂಗಾರಪೇಟೆಗೆ ಫಂಡು ಬೇಡ.

ಆದರೆ ಅಷ್ಟಕ್ಕೇ ಮಾತು ಮುಗಿಯೋದಿಲ್ಲ. ಶಿವನಸಮುದ್ರದ ಕಥೆಯನ್ನ ಇನ್ನೊಂದು ಸಲ ನೋಡಿ. ಅಲ್ಲಿ ನಿಜವಾದ ಸ್ಟಾರ್ಟಪ್ ಯಾವುದು? ಗಣಿ ಅಲ್ಲ. ಅಷ್ಟು ಹೊತ್ತಿಗೆ ಗಣಿ ಚಿನ್ನ ತೆಗೀತಿತ್ತು. ಯಾರೂ ಮಾಡಿ ನೋಡಿರದ ಹೊಸ ಕೆಲಸ ಇದ್ದದ್ದು ವಿದ್ಯುತ್ತಿನಲ್ಲಿ. ಮೈಸೂರು ಸರ್ಕಾರ ಆ ರಿಸ್ಕು ತಗೊಳ್ಳೋಕೆ ಧೈರ್ಯ ಬಂದದ್ದು ಯಾಕಂದ್ರೆ, ಇಷ್ಟು ವಿದ್ಯುತ್ತನ್ನ ಇಷ್ಟು ದರಕ್ಕೆ ವರ್ಷಾನುಗಟ್ಟಲೆ ಕೊಳ್ತೀವಿ ಅಂತ ಗಣಿ ಕಂಪನಿಗಳು ಮೊದಲೇ ಒಪ್ಪಂದ ಮಾಡಿಕೊಂಡಿದ್ದವು. ತಂತಿ ಎಳೆಯೋಕೆ ಮೊದಲೇ ಗಿರಾಕಿ ಇದ್ದ. ಬಿಲ್ಲು ಕಟ್ಟೋ ಗಿರಾಕಿ. ಆ ಬಿಲ್ಲಿನ ದುಡ್ಡಿನ ಮೇಲೆ ವ್ಯವಸ್ಥೆ ಗಟ್ಟಿಯಾಗಿ ನಿಂತ ಮೇಲೆ 1905ರಲ್ಲಿ ಬೆಂಗಳೂರಿಗೆ ದೀಪ ಬಂತು. ಆಮೇಲೆ ಮಿಲ್ಲು, ಕಾರ್ಖಾನೆ, ಬಹಳ ಆಮೇಲೆ ನಾನು ಕೂತು ಕೋಡ್ ಬರೆಯೋ ಎಸಿ ಕಟ್ಟಡಗಳು. ಬೆಂಗಳೂರಿನ ಮೊದಲ ಬಲ್ಬಿನ ಹಿಂದೆ ಕೆಜಿಎಫ್ ಕಟ್ಟಿದ ಕರೆಂಟ್ ಬಿಲ್ಲಿದೆ.

ಒಬ್ಬ ನಂಬಿಕಸ್ಥ ಗಿರಾಕಿ ಹತ್ತು ಫಂಡಿಗೆ ಸಮ ಅನ್ನೋದು ನಮ್ಮ ಊರಿನ ಇತಿಹಾಸದಲ್ಲೇ ಇರೋ ಪಾಠ. ಲರ್ನರ್ ಇದನ್ನ ಪೂರ್ತಿ ಮರೆತಿಲ್ಲ, ರಕ್ಷಣಾ ಇಲಾಖೆಯ ಆರ್ಡರುಗಳ ಮಾತು ಬರುತ್ತೆ. ಆದರೆ ಅವರ ಗಮನವೆಲ್ಲ ದುಡ್ಡು ಹಾಕೋನ ಮೇಲೆ. ಮಾಲು ಕೊಳ್ಳೋನು ಅವರ ಚಿತ್ರದಲ್ಲಿ ಮೂಲೆಯಲ್ಲಿ ನಿಂತಿದ್ದಾನೆ. ಅಮೆರಿಕದಲ್ಲಿ ಕೂತು ಬರೆಯೋರಿಗೆ ಗಿರಾಕಿ ಇದ್ದೇ ಇರ್ತಾನೆ, ಬಿಲ್ಲು ಕಟ್ಟೇ ಕಟ್ತಾನೆ ಅನ್ನೋದು ಗಾಳಿಯಷ್ಟು ಸಹಜ ಇರಬಹುದು. ನಮ್ಮಲ್ಲಿ ಗಾಳಿಗೂ ಅರ್ಜಿ ಹಾಕಬೇಕು. ಪುಸ್ತಕದ ಮೇಲಿರೋ ನನ್ನ ಮೊದಲ ತಕರಾರು ಇದು.

ನಮ್ಮಲ್ಲಿ ಕಾನೂನು ಇಲ್ಲ ಅಂತಲ್ಲ. 2006ರ ಎಂಎಸ್‌ಎಂಇ ಕಾಯ್ದೆ ಸಣ್ಣ ಉದ್ದಿಮೆಗೆ 45 ದಿನದೊಳಗೆ ದುಡ್ಡು ಕೊಡಬೇಕು, ತಡವಾದರೆ ಬಡ್ಡಿ ಸೇರಿಸಿ ಕೊಡಬೇಕು ಅನ್ನುತ್ತೆ. ಕೇಂದ್ರದ ಖರೀದಿ ನಿಯಮಗಳಲ್ಲಿ ಸ್ಟಾರ್ಟಪ್ಪುಗಳಿಗೆ ಹಿಂದಿನ ಅನುಭವ, ಹಿಂದಿನ ವಹಿವಾಟು ಬೇಕು ಅನ್ನೋ ಷರತ್ತನ್ನ ಸಡಿಲಿಸೋ ಅವಕಾಶ ಇದೆ. ಆದರೆ ಬಿಲ್ಲು ಬಾಕಿ ಇಟ್ಟುಕೊಂಡ ಕಚೇರಿಯ ಮೇಲೆ ದೂರು ಕೊಟ್ಟವನಿಗೆ ಅದೇ ಕಚೇರಿಯಿಂದ ಎರಡನೇ ಆರ್ಡರು ಬರುತ್ತಾ? ನನ್ನ ಗೆಳೆಯ ದೂರು ಕೊಡಲಿಲ್ಲ. ಕೊಟ್ಟಿದ್ದರೆ ಏನಾಗ್ತಿತ್ತು ಅಂತ ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. 10,000 ಕೋಟಿ ಘೋಷಿಸೋದಕ್ಕಿಂತ, ಸ್ಟಾರ್ಟಪ್ಪಿನ ಬಿಲ್ಲನ್ನ 45ನೇ ದಿನಕ್ಕೆ ಖಜಾನೆಯೇ ನೇರವಾಗಿ ಕಟ್ಟಿ ಆಮೇಲೆ ಆ ಕಚೇರಿಯಿಂದ ವಸೂಲಿ ಮಾಡಿಕೊಳ್ಳೋ ವ್ಯವಸ್ಥೆ ಮಾಡೋದು ಅಗ್ಗ. ಆರ್ಡರು ಸಣ್ಣದಿರಲಿ, ಯಾರಿಗೆ ಎಷ್ಟು ಕೊಟ್ಟೆವು ಅಂತ ಪಂಚಾಯ್ತಿ ಗೋಡೆಯ ಮೇಲೆ ಬರೆಯಲಿ. ಇಲ್ಲೂ ಭಾವಮೈದುನರು ಬರ್ತಾರೆ, ನನಗೆ ಗೊತ್ತು. ಆದರೆ ಮೋಟರು ನಿಲ್ಲದಿದ್ದರೆ ಊರಿಗೇ ಕಾಣುತ್ತೆ. ಫಂಡಿನಲ್ಲಿ ನಡೆದ ಮೋಸ ಅಷ್ಟು ಬೇಗ ಕಾಣಲ್ಲ.

ಎರಡನೇ ತಕರಾರು ಆ ಯಜಮಾನರದ್ದು. "ಹಾಕಿದ್ರು, ತಗೊಂಡ್ರು, ಹೋದ್ರು." ಕೆಜಿಎಫ್‌ಗೆ ನಾನು ತೊಂಬತ್ತು ಅಂಕ ಕೊಟ್ಟೆ. ಆ ಅಂಕ ಬಂಡವಾಳ ತಂದದ್ದಕ್ಕೆ. ಉಳಿಸಿಕೊಂಡದ್ದಕ್ಕೆ ಸೊನ್ನೆ. ಲಾಭಾಂಶ ಲಂಡನ್ನಿಗೆ ಹೋಯಿತು, ರಾಜಧನ ಮೈಸೂರಿಗೆ ಹೋಯಿತು, ವಿದ್ಯುತ್ತಿನ ಫಲ ಬೆಂಗಳೂರಿಗೆ ಹೋಯಿತು. ಷೇರುದಾರ ಕಳಕೊಳ್ಳಬಹುದಾಗಿದ್ದು ದುಡ್ಡು. ಕಲ್ಲಿನ ಧೂಳು ಕುಡಿದು ಸಿಲಿಕೋಸಿಸ್ ಬಂದವನು, ಬಂಡೆ ಸಿಡಿದಾಗ ಒಳಗೇ ಉಳಿದವನು ಕಳಕೊಂಡದ್ದು ಬೇರೆ. ರಿಸ್ಕು ತಗೊಂಡವರಿಗೆ ಪಾಲು ಸಿಗಬೇಕು ಅನ್ನೋದೇ ಸಾಹಸ ಬಂಡವಾಳದ ಧರ್ಮವಾದರೆ, ಅತಿ ಹೆಚ್ಚು ರಿಸ್ಕು ತಗೊಂಡವರ ಕೈಯಲ್ಲಿ ಒಂದು ಷೇರೂ ಇರಲಿಲ್ಲ. 1956ರಲ್ಲಿ ಗಣಿ ಸರ್ಕಾರದ್ದಾಯಿತು. ಆಮೇಲೂ ಅದರ ಸುತ್ತ ಎರಡನೇ ಉದ್ಯೋಗ ಅಂತ ಬಂದದ್ದು 1964ರ ಬೆಮೆಲ್ ಬಿಟ್ಟರೆ ಹೇಳಿಕೊಳ್ಳುವಂಥದ್ದು ಕಡಿಮೆ. ಆಳಕ್ಕೆ ಇಳಿಯೋದು, ಗಾಳಿ ಕಳಿಸೋದು, ನೀರೆತ್ತೋದು, ಬಂಡೆಯ ಸದ್ದು ಕೇಳಿ ಅಪಾಯ ಗುರುತಿಸೋದು, ಇಂಥ ಕೆಲಸ ಗೊತ್ತಿದ್ದ ಒಂದು ಇಡೀ ಊರು 2001ರ ನಂತರ ರೈಲು ಹತ್ತಿತು. ಆ ಕೈಗಳಿಗೆ ಸಾವಿರ ರೂಪಾಯಿ ಬಂಡವಾಳ ಕೊಟ್ಟು ನೀನೇನಾದ್ರೂ ಶುರು ಮಾಡು ಅಂದ ನೀತಿ ಯಾವುದೂ ಇರಲಿಲ್ಲ.

ಉಳಿದದ್ದು ಸೈನೈಡ್ ಗುಡ್ಡಗಳು. ಚಿನ್ನ ತೆಗೆದು ಬಿಸಾಕಿದ ಪುಡಿಮಣ್ಣು, ಸುಮಾರು 3.3 ಕೋಟಿ ಟನ್. ಬೇಸಗೆಯಲ್ಲಿ ಗಾಳಿ ಎದ್ದರೆ ಆ ಧೂಳು ಮನೆಯೊಳಗೆ ಬರುತ್ತೆ. ಆ ಗುಡ್ಡಗಳಲ್ಲಿ ಇನ್ನೂ ಚಿನ್ನ ಇದೆ ಅಂತ 13 ಗುಡ್ಡಗಳನ್ನ ಮತ್ತೆ ಸೋಸೋ ಪ್ರಸ್ತಾವಕ್ಕೆ 2024ರಲ್ಲಿ ರಾಜ್ಯ ಸಂಪುಟ ಒಪ್ಪಿಗೆ ಕೊಟ್ಟಿತು. ಅಂದ್ರೆ ಎರಡನೇ ಸಲ ಸಾಹಸ ಬಂಡವಾಳ ಬರೋ ಹಾದಿಯಲ್ಲಿದೆ. ಈ ಸಲದ ಷರತ್ತು ಬರೆಯೋರು ಯಾರು? 2015ರಿಂದ ಗಣಿ ಜಿಲ್ಲೆಗಳಿಗೆ ಖನಿಜ ಪ್ರತಿಷ್ಠಾನ ಅಂತ ಇದೆ, ರಾಜಧನದ ಜೊತೆ ಒಂದಿಷ್ಟು ಪಾಲು ಸ್ಥಳೀಯರಿಗೆ ಅಂತ. ಗಣಿ 2001ರಲ್ಲೇ ಮುಚ್ಚಿದ್ದರಿಂದ ಕೆಜಿಎಫ್‌ನ ಚಿನ್ನ ಆ ಲೆಕ್ಕಕ್ಕೆ ಬರಲೇ ಇಲ್ಲ. ಗುಡ್ಡ ಸೋಸಿದ ದುಡ್ಡಿನಲ್ಲಾದರೂ ಒಂದು ಪಾಲು ಈ ಊರಿನ ವರ್ಕ್‌ಶಾಪು, ಈ ಊರಿನ ಐಟಿಐ, ಈ ಊರಿನ ಸಣ್ಣ ಕಂಪನಿಗಳ ಮೊದಲ ಆರ್ಡರಿಗೆ ಅಂತ ಒಪ್ಪಂದದಲ್ಲೇ ಬರೆದಿರಬೇಕು. ಇಸ್ರೇಲಿನವರು ತಮ್ಮ ಪಾಲನ್ನ ಬಿಟ್ಟುಕೊಟ್ಟರು, ನಿಜ. ಆದರೆ ಆ ದುಡ್ಡು ಮಾಡಿದವರು ಅಲ್ಲೇ ಉಳಿದು ಮುಂದಿನ ಕಂಪನಿಗೆ ಹಾಕಿದರು. ಉಳಿಯೋರಿಗೆ ಬಿಟ್ಟುಕೊಡೋದು ಬೇರೆ, ಹೋಗೋರಿಗೆ ಬಿಟ್ಟುಕೊಡೋದು ಬೇರೆ. ಲರ್ನರ್ ಪುಸ್ತಕದಲ್ಲಿ ಈ ವ್ಯತ್ಯಾಸಕ್ಕೆ ಒಂದು ಅಧ್ಯಾಯ ಇರಬೇಕಿತ್ತು ಅನ್ನಿಸಿತು.

ಇಷ್ಟೆಲ್ಲ ಹೇಳಿದರೂ ಆ ಪುಸ್ತಕವನ್ನ ಓದಿ ಅಂತಲೇ ಹೇಳ್ತೀನಿ. ವಿಧಾನಸೌಧದಲ್ಲಿ ಸ್ಟಾರ್ಟಪ್ ನೀತಿ ಬರೆಯೋರ ಟೇಬಲ್ಲಿನ ಮೇಲೆ ಅದು ಇರಬೇಕು. ಪಕ್ಕದಲ್ಲಿ ಮಾರಿಕುಪ್ಪಂ ಗಾಡಿಯ ಒಂದು ಟಿಕೆಟ್ಟೂ ಇರಲಿ. ಒಂದು ದಿನ ಬಂದು, ಸಂಜೆ ಊರಿಗಾಂನಲ್ಲಿ ಇಳಿದು, ಗುಡ್ಡ ನೋಡಿಕೊಂಡು ಹೋಗಲಿ.

ನನ್ನ ಗೆಳೆಯ ಈಗ ಅದೇ ಗಾಡಿಯಲ್ಲಿ ಬೆಂಗಳೂರಿಗೆ ಓಡಾಡ್ತಾನೆ, ಒಂದು ಕಂಪನಿಯಲ್ಲಿ ಒಳ್ಳೆ ಸಂಬಳ. ನನ್ನ ಎರಡು ಲಕ್ಷ ಹೋಯಿತು, ಅದರ ಬಗ್ಗೆ ನಾವು ಮಾತಾಡಲ್ಲ. ಹೋದ ವಾರ ಅವನ ಹಳೇ ಯೂನಿಟ್ ಹಾಕಿದ್ದ ಒಂದು ಹಳ್ಳಿಯಿಂದ ವಾಟರ್‌ಮ್ಯಾನ್ ಫೋನ್ ಮಾಡಿದ್ದ. "ಅಣ್ಣಾ, ಮಿಷನ್ನು ಇನ್ನೂ ಓಡ್ತೈತೆ, ಮೆಸೇಜ್ ಮಾತ್ರ ಬರ್ತಿಲ್ಲ, ಸಿಮ್ ಮುಗ್ದೋಗೈತೇನೋ ನೋಡಣ್ಣಾ" ಅಂದನಂತೆ. ಭಾನುವಾರ ಇಬ್ಬರೂ ಬೈಕಿನಲ್ಲಿ ಹೋಗಿ ರೀಚಾರ್ಜ್ ಮಾಡಿಸಿ ಬಂದೆವು. ಬಿಲ್ಲು ಬಂದಿಲ್ಲ.